ಆಷಾಢಕ್ಕೆ ಕಾದ ಸಮುರಾಯ್

ಆ ಕುಂಟ ಸಮುರಾಯ್ ಹೊಳೆಯ ಮರಳಿನ ಮೇಲೆ ಕತ್ತಿಯ ಹಿಡಿಗೆ ಕೈ ಹಾಕಿ ನಿಂತು ಬಹಳ ದಿನಗಳಾಗಿದ್ದವು. ಎದುರಿಗೆ ಒಬ್ಬನೇ ಗುರುವಿನ ಬಳಿ ಅವನ ಜೊತೆ ವಿದ್ಯೆ ಕಲಿತ ಇನ್ನೊಬ್ಬ ಶಿಷ್ಯ, ವಯಸ್ಸಿನಲ್ಲಿ ಚಿಕ್ಕವನು, ಕೂದಲು ಕೆದರಿಕೊಂಡು ನಿಂತಿದ್ದ. ಇಬ್ಬರಲ್ಲಿ ಒಬ್ಬ ಸಾಯಬೇಕು. ಅದು ಕೊನೆಯ ಕಾಳಗ. ಮುಂದಿನ ಪುಟಗಳು ನನ್ನ ಮೊಬೈಲಿಗೆ ಬಂದು ಬಿದ್ದಿದ್ದವು, ಬೆರಳು ಆಡಿಸಿದ್ದರೆ ಸಾಕಿತ್ತು. ಆದರೆ ನಾನು ಓದುವಂತಿರಲಿಲ್ಲ. ಮಗಳಿಗೆ ಮಾತು ಕೊಟ್ಟಿದ್ದೆ.

ತರೀಕೆರೆಯಲ್ಲಿ ನನ್ನದು ತೆಂಗಿನಕಾಯಿ ಮಂಡಿ. ನನ್ನಂಥವನಿಗೂ ಜಪಾನಿನ ಚಿತ್ರಕಥೆಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳುತ್ತಾಳೆ. ಒಂದು ಮಳೆಗಾಲ ಮಂಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಮಲಗಿದಲ್ಲೇ ಮಲಗಿ ಮನೆಮಂದಿಯ ಮೇಲೆಲ್ಲ ಹರಿಹಾಯುತ್ತಿದ್ದೆ. ಆಗ ಕಾಲೇಜಿನಲ್ಲಿದ್ದ ಮಗಳು ನನ್ನ ಬಾಯಿ ಮುಚ್ಚಿಸಲು ತನ್ನ ಮೊಬೈಲನ್ನು ಕೈಗಿಟ್ಟಳು. ಜಪಾನಿನವರು ಪುಟವನ್ನು ಬಲದಿಂದ ಎಡಕ್ಕೆ ಓದುತ್ತಾರೆಂದು ಹೇಳುವುದನ್ನು ಮರೆತಿದ್ದಳು. ನಾನು ನಮ್ಮ ಕ್ರಮದಲ್ಲೇ ಓದಿದೆ. ಸತ್ತವನು ಎದ್ದು ಕೂತ, ಆಮೇಲೆ ಅವನ ಎದೆಗೆ ಕತ್ತಿ ಇಳಿಯಿತು, ಆಮೇಲೆ ಇಬ್ಬರೂ ನಮಸ್ಕಾರ ಮಾಡಿಕೊಂಡರು. ಭಾರಿ ವಿಚಿತ್ರವಾದ ಜನ ಎಂದುಕೊಂಡೆ. ಮಗಳು ಬಿದ್ದು ಬಿದ್ದು ನಕ್ಕಳು.

ಕಾಲು ಕೂಡಿಕೊಂಡರೂ ಓದು ನಿಲ್ಲಲಿಲ್ಲ. ಪ್ರತಿ ಭಾನುವಾರ ಸಂಜೆ ಹೊಸ ಅಧ್ಯಾಯ ಬರುತ್ತಿತ್ತು. ಇಬ್ಬರೂ ನಡುಮನೆಯ ಮಂಚದ ಮೇಲೆ ಒತ್ತಿ ಕೂತು ಓದುತ್ತಿದ್ದೆವು. ಇಂಗ್ಲಿಷು ಕಷ್ಟವಾದ ಕಡೆ ಅವಳು ಕನ್ನಡ ಮಾಡಿ ಹೇಳುತ್ತಿದ್ದಳು, ಅದೂ ನಮ್ಮ ಕಡೆಯ ಕನ್ನಡ. ಹಾಗಾಗಿ ನಾನು ಕಂಡ ಸಮುರಾಯ್‌ಗಳೆಲ್ಲ "ಲೇ, ಎಲ್ಲೋಯ್ತಿಯೋ" ಎಂದೇ ಮಾತಾಡುವವರು. ನಾನು ಕುಂಟನ ಕಡೆ, ಅವಳು ಚಿಕ್ಕವನ ಕಡೆ. ಒಬ್ಬರನ್ನು ಬಿಟ್ಟು ಒಬ್ಬರು ಓದಬಾರದೆಂಬುದು ಒಪ್ಪಂದ. ಹೆಂಡತಿ ಅಡುಗೆಮನೆಯಿಂದ, "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮ್ಗೆ ಅದಕ್ಕೂ ಮುಂಚೇನೇ ಬಂದೈತೆ ಕಣ್ರೀ" ಎನ್ನುತ್ತಿದ್ದಳು.

ಕಥೆ ಹೊಳೆದಂಡೆಗೆ ಬರುವ ಹೊತ್ತಿಗೆ ಮಗಳ ಮದುವೆ ಗೊತ್ತಾಯಿತು. ಹುಡುಗ ಅಜ್ಜಂಪುರದವನು, ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಮನೆತನ. ಕಡೂರಿನ ಕಲ್ಯಾಣ ಮಂಟಪದಲ್ಲಿ ಮದುವೆಯಾಯಿತು. ಕಳಿಸಿಕೊಡುವಾಗ ಮಗಳು ನನ್ನ ಕುತ್ತಿಗೆಗೆ ಬಿದ್ದು ಅಳುತ್ತಾ ಕಿವಿಯಲ್ಲಿ ಹೇಳಿದಳು. "ಅಪ್ಪಾ, ಒಬ್ನೇ ಓದ್ಬೇಡ. ಆಷಾಢಕ್ಕೆ ಬತ್ತೀನಲ್ಲ, ಒಟ್ಟಿಗೆ ಓದಾಣ." ಸುತ್ತ ನಿಂತವರು, ತಂದೆ ಮಗಳು ಏನು ಸಂಕಟದ ಮಾತಾಡಿಕೊಳ್ಳುತ್ತಿದ್ದಾರೋ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಹೂಂ ಅಂದೆ. ಆಗ ನನಗೂ ಅಳು ಬಂದಿತ್ತು.

ನಮ್ಮಲ್ಲಿ ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅನ್ನುತ್ತಾರೆ. ಸೊಸೆ ಆ ತಿಂಗಳು ತವರಿನಲ್ಲಿರುತ್ತಾಳೆ. ಈ ಪದ್ಧತಿಯನ್ನು ಮಾಡಿದ ಹಿರಿಯರು ಯಾರೋ ಏನೋ, ಅವರ ಮೇಲೆ ನನಗೆ ಅಷ್ಟೊಂದು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಜೂನ್ ನಡುವಿಗೆ ಆಷಾಢ ಬರುತ್ತದೆ, ಅಲ್ಲಿಯವರೆಗೆ ತಡೆದುಕೊಂಡರಾಯಿತು ಎಂದುಕೊಂಡೆ.

ತಡೆದುಕೊಳ್ಳುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಭಾನುವಾರ ಸಂಜೆ ಮೊಬೈಲು ಟಿಣ್ ಎಂದರೆ ಎದೆ ಧಸಕ್ ಎನ್ನುತ್ತಿತ್ತು. ತೆರೆದು ಮೊದಲ ಪುಟವನ್ನಷ್ಟೇ ನೋಡಿ, ಹೆಬ್ಬೆಟ್ಟಿನಿಂದ ಮುಚ್ಚಿ, ಮತ್ತೆ ಸ್ವಲ್ಪ ಸರಿಸಿ ನೋಡಿ, ಸಾಕೆಂದು ಜೇಬಿಗೆ ಹಾಕುತ್ತಿದ್ದೆ. ಕೂತರೆ ನಿಲ್ಲಬೇಕು, ನಿಂತರೆ ಹೊರಗೆ ಹೋಗಬೇಕು. ಬಸ್ ನಿಲ್ದಾಣದವರೆಗೆ ಹೋಗಿ, ಒಂದು ಟೀ ಕುಡಿದು, ಅಜ್ಜಂಪುರದ ಬಸ್ಸಿನ ಹಿಂಭಾಗವನ್ನು ನೋಡಿಕೊಂಡು ಬರುತ್ತಿದ್ದೆ. ಮಂಡಿಯಲ್ಲಿ ಕಾಯಿ ಎಣಿಸುವ ಹಮಾಲಿಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವರಲ್ಲೊಬ್ಬ, "ಮಗಳನ್ನ ಕಳ್ಸಿದ ಮೇಲೆ ಹಿಂಗೇ ಆಗದು ಬಿಡಿ ಧಣಿ" ಎಂದ. ಮಗಳಿಗಾಗಿ ಅಲ್ಲ ಕಣಯ್ಯಾ, ಕುಂಟನಿಗಾಗಿ, ಎನ್ನಬೇಕೆನಿಸಿತು. ನುಂಗಿಕೊಂಡೆ. ಹಮಾಲಿ ಹೇಳಿದ್ದೇ ನಿಜವಿರಬೇಕು.

ಅವಳು ಫೋನು ಮಾಡುತ್ತಿದ್ದಳು. ಊಟ ಆಯ್ತಾ, ಅಮ್ಮ ಹೆಂಗವಳೆ, ಕಾಲು ನೋಯ್ತದಾ. ಹಿಂದೆ ಯಾರೋ ಓಡಾಡುವ ಸದ್ದು, ಪಾತ್ರೆಯ ಸದ್ದು. ಕೊನೆಯಲ್ಲಿ ನಾನು ದನಿ ತಗ್ಗಿಸಿ ಕೇಳುತ್ತಿದ್ದೆ.

"ಓದಿದ್ಯಾ?"

"ಇಲ್ಲಪ್ಪ. ನೀನು?"

"ನಾನ್ಯಾಕೆ ಓದ್ಲಿ?"

ಜೂನ್ ಹತ್ತಿರ ಬಂತು. ಮಗಳ ಕೋಣೆಯನ್ನು ಗುಡಿಸಿಡು ಎಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕೈ ಹಿಡಿದು ಗೋಡೆಯ ಕ್ಯಾಲೆಂಡರ್ ಮುಂದೆ ನಿಲ್ಲಿಸಿದಳು. "ಈ ವರ್ಷ ಜ್ಯೇಷ್ಠ ಎರಡು ಬಂದೈತೆ ಕಣ್ರೀ. ಒಂದು ಅಧಿಕ, ಒಂದು ನಿಜ. ಆಷಾಢ ಇನ್ನೂ ಒಂದ್ ತಿಂಗ್ಳು ಮುಂದಕ್ಕೋಯ್ತು." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಂದ್ರನ ಲೆಕ್ಕ ಸೂರ್ಯನ ಲೆಕ್ಕಕ್ಕೆ ಹೊಂದದಿದ್ದರೆ ಅದರಲ್ಲಿ ನನ್ನ ತಪ್ಪೇನಿದೆ? ಆಕಾಶದವರ ಜಗಳಕ್ಕೆ ನಾನು ದಂಡ ತೆರಬೇಕೆ? ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಮಧ್ಯಾಹ್ನದ ಊಟಕ್ಕೆ ಕೂರಲಿಲ್ಲ.

ಮಾರನೆಯ ಬೆಳಿಗ್ಗೆ ಅಜ್ಜಂಪುರದ ಬಸ್ ಹತ್ತಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಉಪಾಯ ಮಾಡಿದ್ದೆ. ವ್ಯಾಪಾರದ ಮೇಲೆ ಬಂದಿದ್ದೆ, ಹಾಗೇ ನೋಡಿ ಹೋಗೋಣವೆಂದು ಬಂದೆ, ಎನ್ನುವುದು. ಬರಿಗೈಯಲ್ಲಿ ಹೋಗಬಾರದಲ್ಲ, ಮಂಡಿಯಿಂದ ಒಂದು ಚೀಲ ಕಾಯಿ ಎತ್ತಿಸಿಕೊಂಡೆ. ಬೀಗರಿಗೆ ತೆಂಗಿನ ತೋಟವಿದೆ ಎಂಬುದು ಅವರ ಮನೆ ಮುಂದೆ ಇಳಿದು, ಅಂಗಳದಲ್ಲಿ ಬಿದ್ದಿದ್ದ ಕಾಯಿ ರಾಶಿ ಕಂಡಾಗಲೇ ನೆನಪಾದದ್ದು.

ಬೀಗರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಎದ್ದು ನಿಂತರು. "ಏನ್ ಬೀಗ್ರೇ, ಒಂದ್ ಫೋನೂ ಇಲ್ದಂಗೆ?" ಎಂದರು. ನಕ್ಕರು, ಆದರೆ ಕಣ್ಣು ನಗಲಿಲ್ಲ. ಕಾಲಿಗೆ ನೀರು ಕೊಟ್ಟರು, ಕುರ್ಚಿ ಹಾಕಿದರು. ವ್ಯಾಪಾರ ಎಂದು ಏನೋ ತೊದಲಿದೆ. ಅವರು ನನ್ನ ಚೀಲವನ್ನೇ ನೋಡುತ್ತಿದ್ದರು. ಆಗ ಒಳಗಿನಿಂದ ಬೀಗಿತ್ತಿಯ ದನಿ ಕೇಳಿತು. "ನೀನೇನಾರ ಹೇಳಿದ್ಯೇನೇ ನಿಮ್ಮಪ್ಪಂಗೆ?"

"ಇಲ್ಲ ಅತ್ತೆ. ನಾನೇನೂ ಹೇಳಿಲ್ಲ."

ಮಗಳ ದನಿ ಅಷ್ಟು ಚಿಕ್ಕದಾಗಿದ್ದನ್ನು ನಾನು ಕೇಳಿರಲಿಲ್ಲ. ಆಗ ಹೊಳೆಯಿತು. ಹೊಸದಾಗಿ ಕೊಟ್ಟ ಮನೆಗೆ ಹೆಣ್ಣಿನ ತಂದೆ ಹೇಳದೆ ಕೇಳದೆ ಬಂದಿಳಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಹುಡುಗಿ ಏನೋ ದೂರು ಹೇಳಿದ್ದಾಳೆ, ತಂದೆ ವಿಚಾರಿಸಲು ಬಂದಿದ್ದಾನೆ. ಹೀಗೆ ಹೋಗಬೇಡಿ ಎಂದು ಬೇರೆಯವರಿಗೆ ಬುದ್ಧಿ ಹೇಳಿದವನು ನಾನು. ಒಂದು ಚಿತ್ರಕಥೆಯ ಚಟಕ್ಕೆ ಮಗಳ ಸಂಸಾರದಲ್ಲಿ ಹುಳಿ ಹಿಂಡಿದೆನಲ್ಲ!

ಬೀಗರು ಮುಂಬಾಗಿಲು ಹಾಕಿ ಬಂದು ಕೂತರು. "ಏನಿದ್ರೂ ಬಾಯ್ಬಿಟ್ಟು ಹೇಳ್ಬಿಡಿ. ನಮ್ ಹುಡ್ಗನ್ ಕಡೆಯಿಂದ ಏನಾರ ತಪ್ಪಾಗೈತಾ?"

ಹೇಳಿಬಿಟ್ಟೆ. ಕುಂಟ, ಹೊಳೆದಂಡೆ, ಭಾನುವಾರ, ಅಧಿಕ ಮಾಸ, ಎಲ್ಲ. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ಅದು ಹುಚ್ಚನ ಮಾತಿನಂತೆ ಕೇಳಿಸಿತು. ಬೀಗರು ಒಮ್ಮೆ ನನ್ನನ್ನು, ಒಮ್ಮೆ ಕಾಯಿ ಚೀಲವನ್ನು ನೋಡಿದರು. ಆಮೇಲೆ, "ಬೊಂಬೆ ಕತೇನಾ?" ಎಂದರು.

"ಹೌದು."

ಬೀಗಿತ್ತಿ ಬಾಗಿಲಿಗೆ ಬಂದು ನಿಂತಿದ್ದರು. "ಇದ್ದದ್ದು ಹೇಳಿ ಅಣ್ಣಾವ್ರೇ. ಇಷ್ಟು ದೊಡ್ಡೋರು ಬೊಂಬೆ ಕತೆಗೆ ಬಸ್ಸತ್ಕಂಡು ಬತ್ತಾರಾ?"

ನಂಬಲಿಲ್ಲ. ನಾನು ಮೊಬೈಲು ತೆಗೆದೆ. ಕೂಡಿಬಿದ್ದಿದ್ದ ಅಧ್ಯಾಯಗಳನ್ನು ಅವರ ಕಣ್ಣೆದುರಿಗೇ ಬಿಚ್ಚಿದೆ. ಮಗಳನ್ನು ಕರೆದೆ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಬೀಗರು ಕನ್ನಡಕ ಹಾಕಿಕೊಂಡು ಹಿಂದೆ ನಿಂತರು. ಬೀಗಿತ್ತಿ ದೂರದಿಂದಲೇ ಕತ್ತು ಚಾಚಿದರು. ಇಂಥ ಸಭೆಯಲ್ಲಿ ಓದಬೇಕೆಂದು ನಾನು ಕಾದಿರಲಿಲ್ಲ. ಆದರೂ ಬೆರಳು ಆತುರದಲ್ಲಿ ಪುಟ ಸರಿಸಿತು.

ಚಿತ್ರಕಾರ ಅಷ್ಟು ವಾರಗಳಲ್ಲಿ ಕತ್ತಿಯನ್ನೇ ಎತ್ತಿಸಿರಲಿಲ್ಲ. ಹಳೆಯ ಕಥೆ ಹೇಳುತ್ತಾ ಕೂತಿದ್ದ. ಶಿಷ್ಯರು ಚಿಕ್ಕವರಿದ್ದಾಗ, ಗುರುವಿನ ಮನೆ, ಹಿಮ ಬಿದ್ದ ಅಂಗಳ. ಬೀಗರು, "ಇದ್ರಲ್ಲಿ ಬಡಿದಾಟ ಎಲ್ಲೈತೆ?" ಎಂದು ಗೊಣಗಿದರು. ಆಮೇಲೆ ಒಂದು ಪುಟ ಬಂತು. ಗುರುವನ್ನು ಕೊಂದವನು ಚಿಕ್ಕ ಶಿಷ್ಯನೇ. ಮಗಳ ಪಕ್ಷದವನು! ಇಂಥ ಪುಟಕ್ಕೆ ಅವಳು ಕಿರುಚಿ ನನ್ನ ತೋಳಿಗೆ ಗುದ್ದುವವಳು. ಗುದ್ದು ಬೀಳಲಿಲ್ಲ. ತಿರುಗಿ ನೋಡಿದರೆ ಅವಳು ಪುಟವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಈಗ ಅಪ್ಪನಿಗೆ ಹೇಗಾಗುತ್ತದೋ ಎಂದು ಕಾಯುತ್ತಿದ್ದಳು. ಕಣ್ಣು ಕೂಡಿದ ತಕ್ಷಣ, "ಅಯ್ಯೋ, ಇವ್ನೇನಾ!" ಎಂದಳು. ತಡವಾಗಿತ್ತು.

ಓದಿಬಿಟ್ಟಿದ್ದಾಳೆ.

ಬೀಗಿತ್ತಿಗೆ ಈಗ ನಂಬಿಕೆ ಬಂದಿತ್ತು. ನಗುತ್ತಾ ಹೇಳಿದರು. "ಅದಕ್ಕೇ ಪ್ರತಿ ಭಾನುವಾರ ಸಂಜೆ ಮಹಡಿ ಮೇಲೆ ಒಬ್ಳೇ ಮೊಬೈಲ್ ಹಿಡ್ಕಂಡು ಕೂತಿರಾಳು. ಅಳು ಮುಖ ಮಾಡ್ಕಂಡು ಇಳ್ದು ಬರಾಳು. ತವರಿಗೆ ಫೋನ್ ಮಾಡ್ತಾವಳೆ ಅನ್ಕಂಡಿದ್ವಿ."

ಮಗಳು ತಲೆ ತಗ್ಗಿಸಿದಳು. ಭಾನುವಾರ ಸಂಜೆ ನನಗೆ ಫೋನು ಬರುತ್ತಿರಲಿಲ್ಲ. ಮೊದಲು ನನಗೆ ಕೋಪವೇ ಬಂದದ್ದು, ಸುಳ್ಳೇಕೆ ಹೇಳಬೇಕು. ನಾನು ಇಲ್ಲಿ ಹೆಬ್ಬೆಟ್ಟಿನಡಿ ಪುಟ ಮುಚ್ಚಿಟ್ಟುಕೊಂಡು ಒದ್ದಾಡುತ್ತಿದ್ದೆನಲ್ಲ! ಆಮೇಲೆ ಅವಳ ಕೈಗಳು ಕಂಡವು, ಹಿಟ್ಟು ಮೆತ್ತಿದ ಕೈಗಳು. ಹೊಸ ಮನೆ, ಹೊಸ ಜನ. ಮಾತಾಡಲು ಬೇರೆ ಯಾರಿದ್ದರು ಅವಳಿಗೆ? ಕುಂಟ ಒಬ್ಬನೇ ಪರಿಚಯದವನು. ಅವನನ್ನೂ ನೋಡಿಲ್ಲ ತಾನೇ ಎಂದು ನಾನು ವಾರ ವಾರ ತಪ್ಪದೆ ಕೇಳುತ್ತಿದ್ದೆ.

ಕೊನೆಯ ಪುಟದಲ್ಲಿ ಕುಂಟನ ಕತ್ತಿ ಒರೆಯಿಂದ ಹೊರಗೆ ಬಂದಿತ್ತು. ಮುಂದಿನ ವಾರ ಕಾಳಗ. ಬೀಗರು ಕನ್ನಡಕ ತೆಗೆದು, "ಥೂ, ಇಲ್ಲಿಗೆ ನಿಲ್ಲಿಸ್ಬಿಟ್ನಲ್ರೀ" ಎಂದರು. ಎಲ್ಲರೂ ನಕ್ಕರು. ನಾನು ಎಲ್ಲರ ಎದುರಿಗೇ ಮಗಳಿಗೆ ಹೇಳಿದೆ.

"ನೋಡವ್ವಾ, ಆಷಾಢದವರ್ಗೂ ನನ್ ಕೈಲಿ ಆಗಲ್ಲ. ಈ ಭಾನುವಾರ ನಾನು ಓದ್ಬಿಡ್ತೀನಿ. ನೀನೂ ಓದ್ಕ. ನನ್ಗೆ ಕಾಯ್ಬೇಡ."

"ನಿಜವಾಗ್ಲೂ ಅಪ್ಪಾ?"

"ನಿಜ್ವಾಗ್ಲೂ ಕಣೇ. ನಿಮ್ಮಪ್ಪಂಗೆ ತಾಳ್ಮೆ ಇಲ್ಲ ಅಂತ ಗೊತ್ತಲ್ಲ."

ಅವಳ ಮುಖ ಸಡಿಲವಾದದ್ದು ಕಂಡಿತು. ಅದರಿಂದ ನನಗೆ ಸ್ವಲ್ಪ ನೋವಾಯಿತು, ಆದರೂ ಒಳ್ಳೆಯದೇ ಆಯಿತು ಅನ್ನಿಸಿತು. ಬೀಗಿತ್ತಿ ಊಟ ಮಾಡಿಸದೆ ಬಿಡಲಿಲ್ಲ. ಬರುವಾಗ ಬೀಗರು ನನ್ನ ಕಾಯಿ ಚೀಲವನ್ನು ಹಿಂದಕ್ಕೆ ಕೊಟ್ಟು, ಮೇಲೆ ತಮ್ಮ ತೋಟದ್ದೂ ಒಂದಿಷ್ಟು ತುಂಬಿಸಿದರು.

ಆ ಭಾನುವಾರ ಅಧ್ಯಾಯ ಬಂತು. ನಾನು ಮಂಡಿಯಲ್ಲೇ ಇದ್ದೆ. ಲಾರಿಗೆ ಕಾಯಿ ತುಂಬಿಸುತ್ತಿದ್ದರು. ಮೊಬೈಲು ಟಿಣ್ ಎಂದಿತು. ತೆರೆದೆ. ಮೊದಲ ಪುಟದಲ್ಲಿ ಬರೀ ಹೊಳೆ. ಬೆರಳು ಮುಂದಕ್ಕೆ ಹೋಗಲಿಲ್ಲ. ಅಂಗಡಿಯೊಳಗೆ ಹೋದೆ, ಹೊರಗೆ ಬಂದೆ, ಲಾರಿಯ ಸುತ್ತ ಒಂದು ಸುತ್ತು ಹಾಕಿದೆ. ಓದಲು ಯಾರ ಅಡ್ಡಿಯೂ ಇರಲಿಲ್ಲ. ಆಗಲೇ ಫೋನು ಬಂತು, ಅಜ್ಜಂಪುರದಿಂದ. ಭಾನುವಾರ ಸಂಜೆ ಅವಳು ಅಲ್ಲಿಂದ ಫೋನು ಮಾಡಿದ್ದು ಅದೇ ಮೊದಲು.

"ಅಪ್ಪಾ! ಓದಿದ್ಯಾ?"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಎರಡೂ ಇದ್ದವು. ದನಿ ತಗ್ಗಿಸಿರಲಿಲ್ಲ. ಹಿಂದೆ ಬೀಗರು "ಏನಾಯ್ತಂತೆ ಕುಂಟಂಗೆ?" ಎಂದು ಕೇಳುತ್ತಿದ್ದುದೂ ಕಿವಿಗೆ ಬಿತ್ತು.

"ಹೂಂ, ಓದ್ದೆ" ಎಂದೆ.

"ಹೆಂಗಾಯ್ತು ಹೇಳು ನಿನ್ಗೆ? ಯಾವ ಪುಟಕ್ಕೆ ಎದೆ ಒಡೀತು?"

ಲಾರಿಯವನು ಹಾರನ್ ಹೊಡೆದ. ಕೈ ಮಾಡಿ ಸುಮ್ಮನಿರಿಸಿದೆ. ಮಂಡಿಯ ಮೂಲೆಯಲ್ಲಿ ಕಾಯಿ ರಾಶಿಯ ಹಿಂದೆ ಹೋಗಿ ಗೋಡೆಗೊರಗಿ ಕೂತೆ.

"ನೀನು ಹೇಳವ್ವಾ ಮೊದ್ಲು. ಪೂರ್ತಿ ಹೇಳು, ಶುರುವಿಂದ."

ಅವಳು ಹೇಳತೊಡಗಿದಳು.