ತಂಪು ಕೋಣೆಯ ಪೆಟ್ಟಿಗೆ

ಊರಿಗೆಲ್ಲ ಇಂಟರ್ನೆಟ್ ಎಳೆದುಕೊಟ್ಟವನ ಹೆಂಡತಿ ಎಂದರೆ ಆಕೆಯನ್ನು ಅರಿಯದವರಿಲ್ಲ. ಆದರೆ ಆಕೆಯನ್ನು ಬೀದಿಯಲ್ಲಿ ಕಂಡವರು ಕಡಿಮೆ. ಅದಕ್ಕೆ ಕಾರಣ ಮಲಗುವ ಕೋಣೆಯಲ್ಲಿ ಕೂತಿರುವ ಒಂದು ಪೆಟ್ಟಿಗೆ.

ಅದನ್ನು ವಿಡಿಯೋ ಕಂಪನಿಯವರು ಕಾಸಿಲ್ಲದೆ ಕೊಟ್ಟಿದ್ದರು. ಜನ ಮತ್ತೆ ಮತ್ತೆ ನೋಡುವ ಸಿನಿಮಾ, ಹಾಡುಗಳನ್ನೆಲ್ಲ ಅದು ಹೊಟ್ಟೆಯೊಳಗಿಟ್ಟುಕೊಂಡು, ಕೇಳಿದವರಿಗೆ ಇಲ್ಲಿಂದಲೇ ಕೊಡುತ್ತದೆ. ಪ್ರತಿ ಸಲ ದೂರದಿಂದ ತರಿಸುವ ಗೋಳಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿಯ ಗಂಡ ಎರಡೂ ಕೈ ಚಾಚಿ ತಂದ. ಅದಕ್ಕೆ ಹಗಲೂ ರಾತ್ರಿ ತಂಪು ಬೇಕು. ಆಫೀಸಿನಲ್ಲಿ ಜಾಗವಿರಲಿಲ್ಲ, ಮನೆಯಲ್ಲಿ ಏಸಿ ಇದ್ದದ್ದು ಒಂದೇ ಕೋಣೆಗೆ. ಅಳಿಯನಿಗೂ ಸಿಗದ ಉಪಚಾರ ಪೆಟ್ಟಿಗೆಗೆ ಸಿಕ್ಕಿತು. ಅದರ ಗದ್ದಲ ತಾಳಲಾರದೆ ಗಂಡ ಹೆಂಡತಿ ಹಜಾರದಲ್ಲಿ ಬೆವರುತ್ತ ಮಲಗಿದರು.

ಕರೆಂಟ್ ಹೋದರೆ ಬ್ಯಾಟರಿ ತಡೆಯುವುದು ಸ್ವಲ್ಪ ಹೊತ್ತು. ಅಷ್ಟರೊಳಗೆ ಯಾರಾದರೂ ಜನರೇಟರ್ ಶುರು ಮಾಡಬೇಕು. ಬೆಳಗಾದರೆ ಗಂಡ ಕಂಬದ ಮೇಲೆ, ಹಾಗಾಗಿ ಆ ಯಾರಾದರೂ ಎಂಬುದು ಆಕೆಯೇ. ಒಮ್ಮೆ ತರಕಾರಿಗೆಂದು ಹೋದಾಗ ಪೆಟ್ಟಿಗೆ ನಿಂತಿತ್ತು. ಇಡೀ ಊರು ಒಟ್ಟಿಗೆ ಹೊರಗಿನಿಂದ ವಿಡಿಯೋ ಎಳೆದು, ಇಂಟರ್ನೆಟ್ ಲೈನೇ ಕಟ್ಟಿಹೋಗಿ, ಜನ ಮನೆ ಬಾಗಿಲಿಗೆ ಬಂದು ಬೈದಿದ್ದರು. ಆಮೇಲೆ ತರಕಾರಿಯೂ ಮನೆಗೇ ಬರತೊಡಗಿತು.

ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆಂದು ಅಣ್ಣ ಫೋನ್ ಮಾಡಿದಾಗ ಆಕೆ ಚೀಲ ತುಂಬಿಕೊಂಡು ಬಾಗಿಲಿಗೆ ಬಂದಳು.

"ರೀ, ಎರಡು ದಿನ ಇದನ್ನ ನೀವು ನೋಡ್ಕೊಳ್ಳಿ. ಅಮ್ಮನ್ನ ನೋಡ್ಕೊಂಡು ಬರ್ತೀನಿ."

"ಬೇಡ ಅಂದೋರ್ಯಾರು? ನಾಳೆ ಹೋಗು," ಎಂದ ಗಂಡ, ಏಣಿ ಹೆಗಲಿಗೇರಿಸುತ್ತ. "ಲಾರಿ ಬಂದು ನಮ್ಮ ದೊಡ್ಡ ಕೇಬಲ್ ಕಿತ್ತಾಕಿದೆ. ಹೊರಗಡೆಗೆ ಉಳಿದಿರೋದು ಸಣ್ಣ ಲೈನೊಂದೇ. ಇವತ್ತು ವಿಡಿಯೋ ಕಾಲ್ ಮಾಡ್ಬಿಡು. ಇಂಟರ್ನೆಟ್‌ನೋರ ಮನೇಲಿ ಅದಕ್ಕೂ ಬರಾನಾ?"

ಹೋದ ತಿಂಗಳೂ ನಾಳೆ ಅಂದಿದ್ದ. ಆಕೆಗೆ ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಚೀಲ ಹೆಗಲಲ್ಲಿದ್ದಂತೆಯೇ ಬಾಗಿಲಲ್ಲಿ ನಿಂತು ಅಮ್ಮನಿಗೆ ಕಾಲ್ ಮಾಡಿದಳು.

ಪಕ್ಕದ ಮನೆಯಲ್ಲಿ ಪೆಟ್ಟಿಗೆಯೊಳಗಿನ ಸಿನಿಮಾ ಎಲ್ಲೂ ತಡೆಯಿಲ್ಲದೆ ಓಡುತ್ತಿತ್ತು. ಇಲ್ಲಿ ಅಮ್ಮನ ಮುಖ ಅರ್ಧ ಬಂದು ನಿಂತಿತು. ಈ ಊರಲ್ಲಿ ಅಮ್ಮನನ್ನು ನೋಡಲು ಆಕೆಯೊಬ್ಬಳನ್ನು ಬಿಟ್ಟು ಇನ್ಯಾರಿದ್ದಾರೆ? ಹಾಗಾಗಿ ಅಮ್ಮ ಪೆಟ್ಟಿಗೆಯಲ್ಲಿರಲಿಲ್ಲ. ದೂರದಿಂದಲೇ, ಆ ಸಣ್ಣ ಲೈನಿನಲ್ಲೇ ತಡವರಿಸುತ್ತ ಬರಬೇಕಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಒಳಗೆ ಬ್ಯಾಟರಿ ಕೂಗಲು ಶುರುಮಾಡಿತು. ಆಕೆ ಚೀಲವನ್ನು ಅಲ್ಲೇ ಒಗೆದು, ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಓಡಿದಳು.

"ನೀನು ಕಾಣ್ತಿದ್ದೀಯ ಕಣೇ," ಎಂದಿತು ಅಮ್ಮನ ದನಿ, ಮುಖವಿಲ್ಲದೆ. ಆಕೆಯ ಚಿತ್ರವೂ ಅಮ್ಮನ ಕಡೆ ಮೊದಲಿನದೇ ನಿಂತುಬಿಟ್ಟಿತ್ತು. "ಬಾಗಿಲಲ್ಲಿ ನಿಂತಿದ್ದೀಯ, ಚೀಲ ಹೆಗಲಲ್ಲಿದೆ. ಹೊರಟೇಬಿಟ್ಯಾ ಮಗಳೇ?"

ಆಕೆ ಜನರೇಟರಿನ ಹಗ್ಗಕ್ಕೆ ಕೈ ಹಾಕಿದಳು.

"ಹೂಂ ಅಮ್ಮ," ಅಂದಳು, "ಹೊರಟೆ."