ಲೆಕ್ಕಕ್ಕೆ ಬಾರದ ದೀಪ

ಕೊರೊನಾ ಕಳೆದ ಮರುವರ್ಷ. ಬಸ್ ಡಿಪೋದ ಎಲೆಕ್ಟ್ರಿಷಿಯನ್ ಕೆಲಸದಿಂದ ನಿವೃತ್ತನಾಗಿ ತಾಳವಾಡಿ ಪೇಟೆಯಲ್ಲಿ ಒಂದು ಶೆಡ್ಡು ಹಿಡಿದು ಗಾಡಿ ವೈರಿಂಗ್ ರಿಪೇರಿಯ ಸ್ವಂತ ಅಂಗಡಿ ಇಟ್ಟಿದ್ದೆ. ಜನ್ಮವೆಲ್ಲ ಮೇಲಿನವರ ಕೈಲಿ ಬೈಸಿಕೊಂಡವನಿಗೆ ಸ್ವಂತ ಅಂಗಡಿ ಅಂದರೆ ಅದೇನು ಸುಖ ಅಂತೀರಿ! ಈಗ ಬೈಯುವ ಸರದಿ ನನ್ನದು. ಗಿರಾಕಿಗಳೂ ನಗುತ್ತಲೇ ಬೈಸಿಕೊಳ್ಳುತ್ತಿದ್ದರು, ಯಾಕೆಂದರೆ ಬೈದ ಮೇಲೆ ಗಾಡಿ ಸರಿಯಾಗುತ್ತಿತ್ತು.

ಆ ವರ್ಷವೇ ನಾನು ಆಸೆಪಟ್ಟು ಕೊಯಮತ್ತೂರಿನಿಂದ ತಂದದ್ದು ಕರೆಂಟ್ ಕ್ಲಾಂಪ್ ಪ್ರೋಬ್. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಬಾಯಿ ತೆರೆಯುತ್ತದೆ. ವೈರನ್ನು ಅದರ ಬಾಯೊಳಗೆ ಹಿಡಿಸಿ, ಬಾಲವನ್ನು ಮಲ್ಟಿಮೀಟರಿಗೆ ಚುಚ್ಚಿದರೆ ವೈರಿನಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳುತ್ತದೆ. ಹಳೆಯ ಪದ್ಧತಿಯಲ್ಲಾದರೆ ಬ್ಯಾಟರಿ ವೈರು ಬಿಚ್ಚಿ, ನಡುವೆ ಮೀಟರ್ ಸೇರಿಸಬೇಕು. ಇದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ.

ಒಂದು ಶನಿವಾರ ಮಧ್ಯಾಹ್ನ ದೊಡ್ಡಗಾಜನೂರಿನ ಮಾದೇವ ತನ್ನ ಪಿಕಪ್ ಗಾಡಿ ತಂದು ನಿಲ್ಲಿಸಿದ. ಪಣಕಹಳ್ಳಿ ರೈತರ ಕೋಸು, ಟೊಮೇಟೊ ತುಂಬಿಕೊಂಡು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮಂಡಿಗೆ ಹಾಕುವುದು ಅವನ ಕೆಲಸ. ವಾರವೆಲ್ಲ ನೆಟ್ಟಗಿರುವ ಗಾಡಿ ಭಾನುವಾರ ಒಂದು ದಿನ ನಿಂತರೆ ಸೋಮವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಅಂದು ಸುಮ್ಮನಾಗುತ್ತಿತ್ತು. ತಳ್ಳಿ ಸ್ಟಾರ್ಟ್ ಮಾಡಿಕೊಂಡು ಹೋಗುವಷ್ಟರಲ್ಲಿ ಮಂಡಿಯಲ್ಲಿ ವ್ಯಾಪಾರ ಮುಗಿದಿರುತ್ತಿತ್ತು. ಬ್ಯಾಟರಿ ಹೊಸದು ಹಾಕಿಸಿದ್ದ, ಡೈನಮೋ ತೋರಿಸಿದ್ದ, ಪ್ರಯೋಜನವಿಲ್ಲ.

"ಇನ್ನೊಂದ್ ಸೋಮಾರ ಇಂಗೇ ಆದ್ರೆ ಲೋಡು ಬ್ಯಾರೆ ಗಾಡಿಗೆ ಅಂತ ಪಣಕಳ್ಳಿಯೋರು ಯೋಳ್ಬುಟ್ಟವ್ರೆ ಅಣ್ಣ," ಅಂದ. ಬೇರೆ ದಾರಿಯಿರಲಿಲ್ಲ ಅವನಿಗೆ. ಆ ಲೋಡೇ ಅವನ ಮನೆಯ ಅನ್ನ.

ಮುಂದಿನ ಸೀಟಿನಲ್ಲಿ ಅವನ ತಾಯಿ ಪುಟ್ಟಮ್ಮ ಕೂತಿದ್ದರು. ಗಾಡಿ ರಿಪೇರಿಗೆ ಬಂದಾಗೆಲ್ಲ ಅವರೂ ಬರುತ್ತಾರಂತೆ. ನಾನು ಬಾನೆಟ್ ಎತ್ತಿದ ತಕ್ಷಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ಏನು ಬೇಕಾದರೂ ಮಾಡು, ಬ್ಯಾಟರಿ ವೈರು ಮಾತ್ರ ಬಿಚ್ಚಬೇಡ ಎಂದು ಅಪ್ಪಣೆ ಕೊಟ್ಟರು. ಮೇಸ್ತ್ರಿಗೇ ಮೇಸ್ತ್ರಿ! ಮೈಯೆಲ್ಲ ಉರಿದುಹೋಯಿತು. ಆದರೆ ನನ್ನ ಕೈಯಲ್ಲಿ ಕ್ಲಾಂಪ್ ಇತ್ತು. ನಿಮ್ಮ ವೈರು ನಿಮ್ಮ ಹತ್ತಿರವೇ ಇರಲಿ ಅವ್ವ, ನಾನು ಮುಟ್ಟುವುದೂ ಇಲ್ಲ ಎಂದು ಜಂಬದಿಂದಲೇ ಹೇಳಿದೆ.

ಮಾದೇವ ಮೆಲ್ಲಗೆ, ಕ್ಲಾಂಪ್ ಹಾಕಿ ಆಗಲೇ ನೋಡಿದ್ದಾರೆ, ಸೊನ್ನೆ ಬಂತು ಅಂದ. ನೋಡಿದ್ದು ಯಾರು ಅಂದರೆ ಊರಿನಲ್ಲಿ ಮನೆ ವೈರಿಂಗ್ ಮಾಡುವವನು. ಮನೆಯ ಕರೆಂಟು ಎ.ಸಿ., ಗಾಡಿಯ ಕರೆಂಟು ಡಿ.ಸಿ. ಎ.ಸಿ. ಕ್ಲಾಂಪನ್ನು ಬ್ಯಾಟರಿ ವೈರಿಗೆ ಹಿಡಿದರೆ ಸೊನ್ನೆ ಬಾರದೆ ಮತ್ತೇನು ಬಂದೀತು? ಅಕ್ಕಿ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆದ ಹಾಗಾಯಿತು ಎಂದು ಮಾದೇವನಿಗೆ ಒಂದು ಸುತ್ತು ಬೈದೆ.

ಕೀಲಿ ತೆಗೆಸಿ, ಬಾಗಿಲು ಮುಚ್ಚಿಸಿ, ಹತ್ತು ನಿಮಿಷ ಗಾಡಿಯನ್ನು ಅದರ ಪಾಡಿಗೆ ಬಿಟ್ಟೆ. ಪ್ರೋಬನ್ನು ಮೊದಲು ಖಾಲಿ ಬಾಯಲ್ಲಿ ಸೊನ್ನೆಗೆ ತಂದು, ಆಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲ್ಲಿಗೆ ಹಿಡಿಸಿದೆ. ಮೀಟರ್ ಎಂಬತ್ತೇಳು ಮಿಲಿವೋಲ್ಟ್ ತೋರಿಸಿತು. ನನ್ನ ಪ್ರೋಬಿನಲ್ಲಿ ನೂರು ಮಿಲಿವೋಲ್ಟ್ ಅಂದರೆ ಒಂದು ಆಂಪಿಯರ್. ಮಲಗಿದ ಗಾಡಿ ಅದರ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಕುಡಿಯಬಾರದು. ಈ ಪುಣ್ಯಾತ್ಮ ಹತ್ತಿರಹತ್ತಿರ ಒಂದು ಆಂಪಿಯರ್ ಕುಡಿಯುತ್ತಿದ್ದ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಹೀಗೇ ಹರಿದರೆ ಬ್ಯಾಟರಿ ಅರ್ಧ ಖಾಲಿ. ತಾಳವಾಡಿಯ ಬೆಳಗಿನ ಚಳಿಗೆ ಡೀಸೆಲ್ ಎಂಜಿನ್ ತಿರುಗಿಸಲು ಉಳಿದರ್ಧ ಸಾಲದು.

ಕಳ್ಳ ಇದ್ದಾನೆ ಅಂತ ಗೊತ್ತಾಯಿತು, ಯಾವ ಮನೆಯಲ್ಲಿ ಅಂತ ಗೊತ್ತಾಗಬೇಕು. ಫ್ಯೂಸುಗಳನ್ನು ಒಂದೊಂದೇ ಕಿತ್ತೆ. ಯಾವ ಫ್ಯೂಸು ಕಿತ್ತಾಗ ಅಂಕಿ ಇಳಿಯುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ ಎಂದು ಲೆಕ್ಕ. ಎಲ್ಲ ಕಿತ್ತರೂ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಅಂದರೆ ಫ್ಯೂಸ್ ಬಾಕ್ಸನ್ನು ದಾಟಿ ಯಾವುದೋ ವೈರು ನೇರವಾಗಿ ಬ್ಯಾಟರಿಗೆ ಬಾಯಿ ಹಾಕಿದೆ. ಹೊರಗಿನಿಂದ ಏನೇನು ಹಾಕಿಸಿದ್ದೀಯ ಎಂದು ಮಾದೇವನನ್ನು ಕೇಳಿದೆ. ಏರ್ ಹಾರನ್, ಮಂಜಿಗೆ ಹಳದಿ ಲೈಟು, ಟೇಪು, ಫೋನ್ ಚಾರ್ಜರ್ ಅಂದ. ಒಂದೊಂದನ್ನೂ ಹುಡುಕಿ ಕ್ಲಾಂಪ್ ಹಿಡಿದೆ. ಎಲ್ಲ ಸಾಚಾಗಳು.

ಬಿಸಿಲು ಇಳಿಯುತ್ತಿತ್ತು. ನನ್ನ ಜಂಬವೂ ಇಳಿಯುತ್ತಿತ್ತು. ಡ್ಯಾಶ್‌ಬೋರ್ಡಿನ ಅಡಿ ನೋಡೋಣ ಎಂದು ಕ್ಯಾಬಿನ್ ಬಾಗಿಲು ತೆಗೆದೆ. ಒಳಗೆ ಮಾದಪ್ಪನ ಫೋಟೋ, ಅದರ ಮುಂದೆ ಕೆಂಪು ಗಾಜಿನ ಪುಟ್ಟ ದೀಪ. ಪುಟ್ಟಮ್ಮ ದೀಪದ ಮೇಲೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಮಂಗಳಾರತಿ ತೆಗೆದುಕೊಳ್ಳುವ ಹಾಗೆ. ನನ್ನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು.

"ನೀನೂ ಒತ್ಕೊಳಪ್ಪ, ಮಾದಪ್ಪ ದಾರಿ ತೋರ್ತಾನೆ."

ಭಕ್ತಿಯಿಂದಲೇ ಕೈ ಹಿಡಿದೆ. ಅಂಗೈ ಚುರುಕ್ ಅಂದಿತು. ಇಷ್ಟು ಬಿಸಿ ಅಂದರೆ ಇದು ಚಿಲ್ಲರೆ ಬಲ್ಬಲ್ಲ! ದೀಪದ ಹಿಂದಿನ ವೈರು ಹುಡುಕಿ ಕ್ಲಾಂಪ್ ಹಿಡಿಸಿದೆ. ಎಂಬತ್ತೇಳರಲ್ಲಿ ಎಂಬತ್ತಮೂರು ಇಲ್ಲೇ. ಮಾದಪ್ಪ ದಾರಿ ತೋರಿಸಿಯೇಬಿಟ್ಟಿದ್ದ.

ಎಲ್ಲ ಹಾಕಿಸಿದ್ದು ಹೇಳಿದೆಯಲ್ಲೋ, ಈ ದೀಪ ಯಾಕೆ ಹೇಳಲಿಲ್ಲ ಎಂದು ಮಾದೇವನ ಮೇಲೆ ರೇಗಿದೆ. ಅವನು ನಿಜವಾಗಿಯೂ ಬೆರಗಾಗಿ ನನ್ನನ್ನೇ ನೋಡಿದ.

"ಅದು ಗಾಡೀದಲ್ವಲ್ಲ ಅಣ್ಣ, ಸ್ವಾಮೀದು."

ಆಮೇಲೆ ಕತೆ ಹೊರಬಿತ್ತು. ಹಿಂದೊಮ್ಮೆ ಘಾಟಿಯ ತಿರುವಿನಲ್ಲಿ ಬ್ರೇಕು ಹಿಡಿಯದೆ ಗಾಡಿ ತಡೆಗೋಡೆಗೆ ಒರಗಿ ನಿಂತು ಮಾದೇವ ಬದುಕಿಕೊಂಡಿದ್ದ. ಗಾಡಿ ಇರುವ ತನಕ ಈ ದೀಪ ಆರುವುದಿಲ್ಲ ಎಂದು ತಾಯಿ ಹರಸಿಕೊಂಡಿದ್ದರು. ಕೀಲಿ ತೆಗೆದರೂ ಆರಬಾರದೆಂದು ನೇರ ಬ್ಯಾಟರಿಗೇ ವೈರು. ಹೊಸ ಬ್ಯಾಟರಿ ಹಾಕುವಾಗಲೂ ಅದನ್ನು ಮೊದಲು ಪಕ್ಕದಲ್ಲಿಟ್ಟು ಜೋಡಿಸಿ, ಆಮೇಲೆಯೇ ಹಳೆಯದನ್ನು ಬಿಚ್ಚಿಸಿದ್ದರಂತೆ! ಮೊದಲಿದ್ದ ಬಲ್ಬು ಮಿಣಮಿಣ ಅನ್ನುತ್ತದೆಂದು ಹೋದ ಶಿವರಾತ್ರಿಗೆ ಅದರ ಪಕ್ಕದಲ್ಲೇ ಹತ್ತು ವ್ಯಾಟಿನದು ಹೊತ್ತಿಸಿ, ಆಮೇಲೆ ಹಳೆಯದನ್ನು ತೆಗೆಸಿದ್ದರು. ಅಲ್ಲಿಂದಲೇ ಸೋಮವಾರದ ಕಾಟ ಶುರು. ಎಂಜಿನ್ ತಿರುಗಿಸಲು ಆಗದ ಬ್ಯಾಟರಿಯೂ ಒಂದು ಬಲ್ಬು ಉರಿಸಬಲ್ಲದು. ಗಾಡಿ ಸತ್ತರೂ ದೀಪ ಉರಿಯುತ್ತಿದ್ದುದರಿಂದ ಯಾರಿಗೂ ಅದರ ಮೇಲೆ ಅನುಮಾನವೇ ಬಂದಿರಲಿಲ್ಲ.

"ಆರ್ಸಿದ್ರೆ ನನ್ ಮಾತು ಉಳಿಯಾದಿಲ್ಲ ಕಣಪ್ಪ," ಅಂದರು ಪುಟ್ಟಮ್ಮ. ಅವರ ದನಿ ಮೊದಲ ಸಲ ಸಣ್ಣಗಾಗಿತ್ತು. ಲೋಡೂ ಉಳಿಯಬೇಕು, ಹರಕೆಯೂ ಉಳಿಯಬೇಕು.

ಒಂದು ಪುಟ್ಟ ಎಲ್‌ಇಡಿ ತಂದೆ. ಇದಕ್ಕೆ ಬೇಕಾದ ಕರೆಂಟು ಆ ಬಲ್ಬಿನದರಲ್ಲಿ ನಲವತ್ತರಲ್ಲೊಂದು ಪಾಲು. ಬಲ್ಬು ಉರಿಯುತ್ತಿರುವಾಗಲೇ ಪಕ್ಕದಲ್ಲಿ ಎಲ್‌ಇಡಿ ಹೊತ್ತಿಸಿ, ನಡುವೆ ಒಂದು ಫ್ಯೂಸೂ ಇಟ್ಟು, ಆಮೇಲೆ ಬಲ್ಬು ತೆಗೆದೆ. ದೀಪದಿಂದ ದೀಪ ಹಚ್ಚಿದ ಹಾಗಾಯಿತು ಎಂದು ಪುಟ್ಟಮ್ಮ ಒಪ್ಪಿದರು. ಬ್ಯಾಟರಿ ಕೇಬಲ್ಲಿಗೆ ಮತ್ತೆ ಕ್ಲಾಂಪ್ ಹಿಡಿದರೆ ಮೀಟರ್ ಆರಕ್ಕೆ ಇಳಿದಿತ್ತು. ನಾನು ಬೀಗುವಷ್ಟರಲ್ಲಿ ಅವರು ಅಂಗೈ ಹಿಡಿದು ನೋಡಿ ಮುಖ ಸಪ್ಪೆ ಮಾಡಿಕೊಂಡರು.

"ಬೆಳಕದೆ ಮೇಸ್ತ್ರಿ, ಬಿಸಿ ಇಲ್ವಲ್ಲ. ಕಣ್ಗೆ ಏನ ಒತ್ಕಳಾನ?"

ಬೀಡಿ ಸೇದಿ ಯೋಚಿಸಿದೆ. ಕೊನೆಗೆ ಹಳೆಯ ಬಲ್ಬನ್ನೇ ಎಲ್‌ಇಡಿಯ ಪಕ್ಕ ಕೂರಿಸಿ, ಅದರ ವೈರನ್ನು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಸಾಲಿಗೆ ಕೊಟ್ಟೆ. ಗಾಡಿ ಮಲಗಿದಾಗ ಎಲ್‌ಇಡಿ. ಎಂಜಿನ್ ಓಡುವಾಗ ಬಲ್ಬೂ ಉರಿಯುತ್ತದೆ, ಆಗ ಕರೆಂಟಿಗೆ ಬರವಿಲ್ಲ.

ಸೋಮವಾರ ತಡೆಯಲಾರದೆ ನಾನೇ ಬೆಳಗಾಗುವಷ್ಟರಲ್ಲಿ ದೊಡ್ಡಗಾಜನೂರಿಗೆ ಹೋದೆ. ಮಾದೇವ ಕೀಲಿ ತಿರುಗಿಸಿದ. ಒಂದೇ ಏಟಿಗೆ ಎದ್ದಿತು ಗಾಡಿ. ಪಣಕಹಳ್ಳಿಯಲ್ಲಿ ಕೋಸು ಕಾಯುತ್ತಿದ್ದವು, ಆದರೂ ಅವನು ಹೊರಡಲಿಲ್ಲ. ಬಲ್ಬು ಬಿಸಿಯಾಗುವವರೆಗೆ ಕಾದ. ಪುಟ್ಟಮ್ಮ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಂಡರು, ಮಗನ ಕೆನ್ನೆಗೂ ಒತ್ತಿದರು. ಹೋಗು ಅಂದರು.

ಆ ಲೋಡು ಇವತ್ತಿಗೂ ಮಾದೇವನದೇ. ನಾನು ಕಲಿತದ್ದು ಇಷ್ಟೆ: ಜನ ಪ್ರೀತಿಯಿಂದ ಇಟ್ಟುಕೊಂಡದ್ದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ, ಮೀಟರ್ ಸೇರಿಸುತ್ತದೆ, ಎರಡನ್ನೂ ಕೂಡಿಸುವುದು ಮೇಸ್ತ್ರಿಯ ಕೆಲಸ. ಈಗ ಬ್ಯಾಟರಿ ಇಳಿಯುತ್ತದೆ ಎಂದು ಯಾರೇ ಬರಲಿ, ಬಾನೆಟ್ ಎತ್ತುವ ಮೊದಲು ನಾನು ಕೇಳುವುದು ಒಂದೇ ಮಾತು.

"ಗಾಡೀಲಿ ಸ್ವಾಮಿ ಎಲ್ಲಿ ಕೂತವ್ನೆ, ತೋರ್ಸು."