ನೀಲಿ ಕಿಡಿ

ಗ್ಯಾರೇಜಿನ ಹುಡುಗ ತಂಗಿಯ ಸ್ಕೂಟರಿನ ಪ್ಲಗ್ ಬಿಚ್ಚಿದ. ಪೆಟ್ರೋಲ್ ವಾಸನೆಗೆ ಹಾನುಬಾಳಿನ ನಮ್ಮನೆ ಅಂಗಳ ಕಣ್ಣಮುಂದೆ ಬಂತು.

ಅವತ್ತು ಇದೇ ತಂಗಿ ಜ್ವರ ನೆತ್ತಿಗೇರಿ ಅವ್ವನ ಮಡಿಲಲ್ಲಿ ಮೇಲುಗಣ್ಣು ಬಿಡುತ್ತಿದ್ದಳು. ಸಕಲೇಶಪುರದ ಆಸ್ಪತ್ರೆಗೆ ಓಡಬೇಕು, ಬೈಕ್ ಸ್ಟಾರ್ಟ್ ಆಗುತ್ತಿಲ್ಲ. ಅಪ್ಪ ಒದ್ದೆಯಾಗಿದ್ದ ಪ್ಲಗ್ ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ, ಒಲೆಯ ಕೆಂಡಕ್ಕೆ ಹಿಡಿದು ಒಣಗಿಸಿದ. ವೈರು ಸಿಕ್ಕಿಸಿ ನನ್ನ ಕೈಗಿಟ್ಟ.

"ಎಂಜಿನ್ನಿಗೆ ತಾಗಿಸಿ ಹಿಡ್ಕೊ. ಕಿಕ್ ಹೊಡೀತೀನಿ, ನೀಲಿ ಕಿಡಿ ಬರ್ತೈತಾ ನೋಡು."

ಶಾಕ್ ಹೊಡೆಯುವ ಭಯಕ್ಕೆ ಕಣ್ಣು ಮುಚ್ಚಿಬಿಟ್ಟೆ.

"ಬಂತೇನೇ?"

"ಬಂತು ಕಣಪ್ಪ."

ಅಪ್ಪ ನನ್ನ ಮಾತು ನಂಬಿ ಪ್ಲಗ್ ಬಿಗಿದ. ಮೊದಲ ಕಿಕ್ಕಿಗೆ ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ. ಅವ್ವ ದೇವರ ಹೆಸರು ಹೇಳುತ್ತಿದ್ದಳು. ಮೂರನೆಯದಕ್ಕೆ ಹೊಗೆ ಉಗುಳಿ ಸ್ಟಾರ್ಟ್ ಆಯಿತು.

"ನೋಡಕ್ಕಾ, ಕಿಡಿ ಬಂತು," ಎಂದ ಗ್ಯಾರೇಜಿನ ಹುಡುಗ, ಪ್ಲಗ್ಗನ್ನು ಸ್ಕೂಟರಿನ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆಯುತ್ತ.

ಇಷ್ಟು ವರ್ಷಕ್ಕೆ ಅದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು.